ಮುಂದಿನ ಹಲ್ಲಿನ ಕ್ಯಾಪ್‌ಗೆ ಶೇಡ್ ನೋಡುವುದು

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನಮ್ಮದೊಂದು ಸಣ್ಣ ಡೆಂಟಲ್ ಲ್ಯಾಬ್. ಒಮ್ಮೆ ಒಂದು ಕ್ಲಿನಿಕ್‌ನಿಂದ ಚೀಟಿ ಬಂತು: ಮೇಲಿನ ಮುಂದಿನ ಹಲ್ಲು, ಶೇಡ್ (ಅಂದರೆ ಹಲ್ಲಿನ ಬಣ್ಣ) ಎ1. ಅಷ್ಟೇ. ಮಾಡಿ ಕಳಿಸಿದೆ. ಮೂರನೇ ದಿನ ಆಳಂದದ ಅಕ್ಕ ನನ್ನೆದುರೇ ಬಂದು ಕೂತರು. "ತಮ್ಮಾ, ಬಾಯಾಗ ಟ್ಯೂಬ್‌ಲೈಟ್ ಹಚ್ಚಿದಂಗ ಕಾಣ್ಲತ್ತದಲ್ಲೋ. ಬಸ್ ಪುಕ್ಕಟೆ ಅದ ಅಂತ ಎಷ್ಟು ಸಲ ಬರ್ಲಿ?"

ಆಗಿದ್ದಿಷ್ಟು: ಕ್ಲಿನಿಕ್‌ನವರು ಕ್ಯಾಪ್ ಕೂರಲೆಂದು ಹಲ್ಲು ಅರೆದು, ಹತ್ತಿ ಇಟ್ಟು, ಅರ್ಧ ಗಂಟೆ ಬಾಯಿ ತೆರೆಸಿದ ಮೇಲೆ ಶೇಡ್ ನೋಡಿದ್ದರು. ಒಣಗಿದ ಹಲ್ಲು ಬೆಳ್ಳಗೆ ಕಾಣುತ್ತದೆ. ಎಂಜಲು ಕುಡಿದು ತನ್ನ ಬಣ್ಣಕ್ಕೆ ಮರಳಲು ತಾಸುಗಟ್ಟಲೆ ಬೇಕು. ಆದ್ದರಿಂದ ಪೇಷಂಟ್ ಕುರ್ಚಿಯಲ್ಲಿ ಕೂತ ಕೂಡಲೇ, ಇಂಜೆಕ್ಷನ್‌ಗೂ ಮೊದಲು ಶೇಡ್ ನೋಡಿ. ಗುಟ್ಕಾ ಕಲೆ ಇದ್ದರೆ ಮೊದಲು ಪಾಲಿಶ್. ಲಿಪ್‌ಸ್ಟಿಕ್ ಒರೆಸಿ, ಕೆಂಪು ಸೀರೆಯ ಮೇಲೆ ಬೂದು ಬಟ್ಟೆ ಹೊದಿಸಿ.

ಬಣ್ಣ ಹೋಲಿಸಲು ಬಳಸುವ ಮಾದರಿ ಹಲ್ಲುಗಳ ಸೆಟ್ಟು ವೀಟಾ ಕ್ಲಾಸಿಕಲ್ ಗೈಡ್; ಅದರಲ್ಲಿ 16 ಹಲ್ಲು. ಎ ಕೆಂಗಂದು, ಬಿ ಕೆಂಪು ಬೆರೆತ ಹಳದಿ, ಸಿ ಬೂದು, ಡಿ ಕೆಂಬೂದು. ಎಲ್ಲರೂ ಇದೇ ಅಕ್ಷರದ ಸಾಲಿನಲ್ಲಿಟ್ಟು ನೋಡುತ್ತಾರೆ. ನಾನು ಎಲ್ಲ ಕಿತ್ತು ಬೆಳಕಿನ ಸಾಲಿಗೆ, ಅಂದರೆ ಬೆಳ್ಳಗಿನದರಿಂದ ಕಪ್ಪಗಿನದಕ್ಕೆ, ಜೋಡಿಸಿದ್ದೇನೆ: ಬಿ1, ಎ1, ಬಿ2, ಡಿ2, ಎ2... ಕೊನೆಗೆ ಸಿ4. ಕಣ್ಣು ಅರೆಮುಚ್ಚಿ ನೋಡಿದರೆ ಬಣ್ಣ ಮಸುಕಾಗಿ ಬೆಳಕು-ಕತ್ತಲೆಯಷ್ಟೇ ಉಳಿಯುತ್ತದೆ. ಮೊದಲು ಅದನ್ನು ಹೊಂದಿಸಿ. ಬಣ್ಣ ಕೂದಲೆಳೆ ತಪ್ಪಿದರೆ ಜನ ಗುರುತಿಸುವುದಿಲ್ಲ, ಬೆಳಕು ತಪ್ಪಿದರೆ ಆಟೋದವನೂ ಗುರುತಿಸುತ್ತಾನೆ. ಯಾವ ಬಣ್ಣದ ಗುಂಪು ಎಂಬ ಗೊಂದಲವಿದ್ದರೆ ಕೋರೆಹಲ್ಲು ನೋಡಿ, ಅಲ್ಲಿ ಬಣ್ಣ ದಟ್ಟ.

ಐದು ಸೆಕೆಂಡಿಗಿಂತ ಹೆಚ್ಚು ದಿಟ್ಟಿಸಬೇಡಿ, ಕಣ್ಣು ಆ ಬಣ್ಣಕ್ಕೆ ಒಗ್ಗಿಬಿಡುತ್ತದೆ. ನಡುವೆ ಬೂದು ಬಣ್ಣದ ಮೇಲೆ ಕಣ್ಣಾಡಿಸಿ. ಅದಕ್ಕೆ ಕಾರ್ಡ್ ಮಾರುತ್ತಾರೆ; ನಮಗೆ ಕಾಲ ಕೆಳಗೇ ಶಹಾಬಾದ್ ಕಲ್ಲಿದೆ. ಉತ್ತರದ ಕಿಟಕಿ ಬೆಳಕು ಒಳ್ಳೆಯದು, ಆದರೆ ನಮ್ಮ ಮೇ ತಿಂಗಳ ಬಿಸಿಲಿಗೆ ಹೊರಗೆ ನಿಲ್ಲಿಸಬೇಡಿ. ಟ್ಯೂಬ್‌ಲೈಟಿನಲ್ಲೂ ಒಮ್ಮೆ ನೋಡಿ. ಒಂದು ಬೆಳಕಿನಲ್ಲಿ ಒಂದಾಗಿ ಕಂಡ ಎರಡು ಬಣ್ಣ ಇನ್ನೊಂದರಲ್ಲಿ ಬೇರೆಯಾಗುವುದುಂಟು.

ಫೋಟೊದಲ್ಲಿ ಗೈಡಿನ ಹಲ್ಲನ್ನು ಒದ್ದೆ ಮಾಡಿ, ನಿಜದ ಹಲ್ಲಿನ ಅಂಚಿಗೆ ಅಂಚು ತಾಗಿಸಿ, ಒಂದೇ ಮಟ್ಟದಲ್ಲಿ ಹಿಡಿಯಿರಿ. ಹಿಂದೆ ಮುಂದೆ ಆದರೆ ಬೆಳಕು ಸುಳ್ಳು ಹೇಳುತ್ತದೆ. ನಂಬರ್ ಕಾಣಲಿ.

ಚೀಟಿಯಲ್ಲಿ ಹಲ್ಲಿನ ಚಿತ್ರ ಬರೆದು ಮೂರು ಭಾಗ ಮಾಡಿ. ಆ ಅಕ್ಕನದು ಬುಡದಲ್ಲಿ ಎ3, ನಡುವೆ ಎ2, ತುದಿ ಗಾಜಿನಂತೆ ಪಾರದರ್ಶಕ, ಎಡಗಡೆ ಫ್ಲೋರೈಡಿನ ಸಣ್ಣ ಬಿಳಿ ಗೆರೆ. ಹೊಸದಾಗಿ ಮಾಡಿದ ಕ್ಯಾಪನ್ನು ಗ್ಲೇಜ್‌ಗೆ (ಕೊನೆಯ ಹೊಳಪಿಗೆ) ಮೊದಲೇ ಬಾಯಲ್ಲಿಟ್ಟು ನೋಡಿದೆವು. ಆ ಗೆರೆ ಹಾಕಲೋ ಬೇಡವೋ ಎಂದು ಕೇಳಿದೆ. "ಹಾಕು, ಬಾಜೂ ಹಲ್ಲಿಗೂ ಅದ ಅಲ್ಲ" ಅಂದರು.