ಬಾನೆಟ್ ಮೇಲಿನ ಕಿತ್ತಳೆ ಸಿಪ್ಪೆ ಹೋದ ಬಗೆ

ಹೊಸದಾಗಿ ಬಣ್ಣ ಹೊಡೆಸಿದ ಬಾನೆಟ್ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ನೇರವಾಗಿ ಕಾಣದೆ ಅಂಕುಡೊಂಕಾಗಿ ಒಡೆಯುತ್ತಿತ್ತು. ಮೇಲ್ಮೈಯೆಲ್ಲ ಕಿತ್ತಳೆ ಸಿಪ್ಪೆಯಂತೆ ತರಿತರಿ. ಇದಕ್ಕೆ ಬರಿಯ ಪಾಲಿಶ್ ಸಾಲದು. ಉಬ್ಬುಗಳನ್ನೇ ತೇಯ್ದು ಸಮ ಮಾಡಬೇಕು.

ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಪೂರ್ತಿ ಗಟ್ಟಿಯಾದ ಮೇಲೆ ಕೆಲಸಕ್ಕೆ ಇಳಿದೆ. ಅಂಚು, ಏಣುಗಳಲ್ಲಿ ಪದರ ತೆಳುವಾಗಿರುವುದರಿಂದ ಅಲ್ಲೆಲ್ಲ ಟೇಪ್ ಅಂಟಿಸಿದೆ. ನೆನೆಸಿಟ್ಟ 1500ರ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ಮರಳು ಕಾಗದ, ಸಂಖ್ಯೆ ಹೆಚ್ಚಿದಷ್ಟೂ ನಯ) ರಬ್ಬರ್ ಬ್ಲಾಕಿಗೆ ಸುತ್ತಿ, ಸೋಪಿನ ನೀರು ಹಾಕುತ್ತ ಹಗುರವಾಗಿ ಉಜ್ಜಿದೆ. ಬರಿಗೈ ಬೆರಳು ಬೇಡವೇ ಬೇಡ, ಒತ್ತಡ ಒಂದೆಡೆ ಕೂತು ಗುಳಿ ಬೀಳುತ್ತದೆ.

ನನಗೆ ದಾರಿ ತೋರಿಸಿದ್ದು ಒರೆಸಿ ನೋಡುವ ಅಭ್ಯಾಸ. ನೀರು ಒರೆಸಿದಾಗ ತೇಯ್ದ ಭಾಗ ಮಂಕಾಗಿ, ತಗ್ಗುಗಳು ಇನ್ನೂ ಹೊಳೆಯುವ ಚುಕ್ಕೆಗಳಾಗಿ ಕಾಣುತ್ತವೆ. ಆ ಚುಕ್ಕೆಗಳು ಬಹುಮಟ್ಟಿಗೆ ಮಾಯವಾದೊಡನೆ ನಿಲ್ಲಿಸಿದೆ. ಅಲ್ಲಲ್ಲಿ ಒಂದೆರಡು ಉಳಿದರೂ ಚಿಂತೆಯಿಲ್ಲ, ಕ್ಲಿಯರ್ ಕೋಟ್ ತೂತಾದರೆ ಮತ್ತೆ ಬಣ್ಣವೇ ಗತಿ. ತೇಯ್ದ ನೀರು ಹಾಲಿನ ಬಿಳುಪಿನಲ್ಲಿರಬೇಕು. ಕಾರಿನ ಬಣ್ಣ ಇಳಿಯತೊಡಗಿದರೆ ತಕ್ಷಣ ಕೈ ತೆಗೆಯಿರಿ.

ನಂತರ 2000, 3000ರ ಪೇಪರ್. ಪ್ರತಿ ಸಲವೂ ದಿಕ್ಕು ಬದಲಿಸಿದ್ದರಿಂದ ಹಿಂದಿನ ಗೀರು ಉಳಿದಿದೆಯೇ ಎಂಬುದು ಸುಲಭವಾಗಿ ತಿಳಿಯಿತು. ಕೊನೆಗೆ ಸಣ್ಣ ಗೀರು ಅಳಿಸುವ ಕಾಂಪೌಂಡ್ ಪೇಸ್ಟ್, ಪಾಲಿಶ್. ಈಗ ಟ್ಯೂಬ್‌ಲೈಟ್ ಗೆರೆ ಎಳೆದಷ್ಟು ನೇರ.