ಒಬ್ರು ಕಟ್ಟಿದ್ರೆ 15 ಜನಾನೂ ಕಟ್ಟಿದ ಹಾಗೆ: ಪೈಥಾನ್‌ನಲ್ಲಿ ಲಿಸ್ಟ್ ಕಾಪಿ ಮಾಡೋದು ಹೇಗೆ

ನಮ್ಮಕ್ಕ ಅವಳ ಬೀದಿಯ ಸ್ವಸಹಾಯ ಸಂಘದ ಲೆಕ್ಕ ಬರೀತಾಳೆ. 15 ಜನ ಸದಸ್ಯರು, ವಾರಕ್ಕೆ ತಲಾ 100 ರೂಪಾಯಿ ಉಳಿತಾಯ, ಎಲ್ಲಾ ಒಂದು ಉದ್ದನೆ ರಿಜಿಸ್ಟರ್ ಪುಸ್ತಕದಲ್ಲಿ. ಅವಳ ಮಗ ಇಂಜಿನಿಯರಿಂಗ್ ಎರಡನೇ ಸೆಮಿಸ್ಟರ್‌ನಲ್ಲಿ ಪೈಥಾನ್ ಕಲಿತ ಹುರುಪಲ್ಲಿ "ಅಮ್ಮಾ, ಆ ಪುಸ್ತಕ ಅಟ್ಟಕ್ಕೆ ಹಾಕು, ನಾನು ಪ್ರೋಗ್ರಾಂ ಬರ್ಕೊಡ್ತೀನಿ" ಅಂದ. ಮೊದಲನೇ ವಾರ ಗಿರಿಜಮ್ಮ ಒಬ್ರೇ ಬಂದು ನೂರು ಕೊಟ್ಟು ಹೋದ್ರು, ಇವನು ಎಂಟ್ರಿ ಹಾಕಿದ, ಸ್ಕ್ರೀನಲ್ಲಿ 15 ಜನರ ಹೆಸರಿನ ಮುಂದೆನೂ 100 ಬಂತು. ಒಟ್ಟು 1500. ಡಬ್ಬೀಲಿ ಇದ್ದಿದ್ದು ಒಂದೇ ನೋಟು.

ಹುಡುಗ ಪೈಥಾನ್ ಎರಡು ಸಲ ಅನ್‌ಇನ್‌ಸ್ಟಾಲ್ ಮಾಡಿ ಇನ್‌ಸ್ಟಾಲ್ ಮಾಡಿದ್ದಾನೆ, ಆಮೇಲೆ ನಂಗೆ ಫೋನು, "ಮಾಮಾ, ಲ್ಯಾಪ್‌ಟಾಪಿಗೆ ಏನೋ ವೈರಸ್ ಹೊಕ್ಕಿದೆ". ವೈರಸ್ಸೂ ಇಲ್ಲ ಏನೂ ಇಲ್ಲ, ಇದೊಂದು ಸಾಲು ಇತ್ತು (15 ಸದಸ್ಯರು, ಒಬ್ಬೊಬ್ರಿಗೂ ವರ್ಷದ 52 ವಾರದ ಮನೆಗಳಿರೋ ಒಂದು ಲಿಸ್ಟ್, ಅಂದ್ರೆ ಪಟ್ಟಿ, ಅನ್ನೋದು ಅವನ ಲೆಕ್ಕಾಚಾರ):

ಲೆಕ್ಕ = [[0] * 52] * 15

ಇದೇ ತಪ್ಪನ್ನ ನಾನು ಆಫೀಸಿಗೆ ಬರೋ ಫ್ರೆಶರ್‌ಗಳ ಹತ್ರ ನೋಡಿದೀನಿ, ಭಾನುವಾರ ಪಾಠಕ್ಕೆ ಬರೋ ಹುಡುಗರ ಹತ್ರ ನೋಡಿದೀನಿ, ಹತ್ತು ವರ್ಷ ಅನುಭವ ಇರೋರೂ ಬೇರೆ ವೇಷದಲ್ಲಿ ಇದನ್ನೇ ಮಾಡ್ತಾರೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಬರೀತೀನಿ, ಓದ್ತಾ ಓದ್ತಾ ಟೈಪ್ ಮಾಡಿ ನೋಡಿ.

(ಅಂದಹಾಗೆ ಆ ಸಾಲು ಹಾಗೇ ಓಡುತ್ತೆ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೇ ಇಡಬಹುದು. ಒಂದೇ ತೊಂದರೆ, "ಪಾಸ್‌ಬುಕ್" ಥರದ ಪದದ ಮಧ್ಯ ಒತ್ತಕ್ಷರ ಆಗದೇ ಇರ್ಲಿ ಅಂತ ಕೀಬೋರ್ಡ್ ಒಂದು ಕಣ್ಣಿಗೆ ಕಾಣದ ಅಕ್ಷರ ತುರುಕುತ್ತೆ, ಅದನ್ನ ಪೈಥಾನ್ ಒಪ್ಪಲ್ಲ, ಎರರ್ ಕೊಡುತ್ತೆ. ಫಾರ್, ಇನ್, ರೇಂಜ್, ಕಾಪಿ ಇಂಥ ಭಾಷೆಯ ಸ್ವಂತ ಪದಗಳನ್ನ ಮಾತ್ರ ನೀವು ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು, ಇಲ್ಲಿ ಓದೋಕೆ ಅನುಕೂಲ ಅಂತ ಕನ್ನಡದಲ್ಲಿ ಬರ್ದಿದೀನಿ.)

ಹಂತ 1: ಸಮ ಚಿಹ್ನೆ ಕಾಪಿ ಮಾಡಲ್ಲ ಅನ್ನೋದನ್ನ ಒಪ್ಕೊಳ್ಳಿ

ಮನೇಲಿ ಪುಟ್ಟ, ಸ್ಕೂಲಲ್ಲಿ ಮಂಜುನಾಥ. ಹುಡುಗ ಒಬ್ನೇ. ಪುಟ್ಟಂಗೆ ಜ್ವರ ಬಂದ್ರೆ ಮಂಜುನಾಥ ಸ್ಕೂಲಿಗೆ ಹೋಗಲ್ಲ. ಮಂಜುನಾಥ = ಪುಟ್ಟ ಅಂತ ಬರೆದಾಗ ಪೈಥಾನ್ ಮಾಡೋದು ಅಷ್ಟೇ, ಇರೋ ಆಬ್ಜೆಕ್ಟ್‌ಗೇ ಇನ್ನೊಂದು ಹೆಸರಿನ ಚೀಟಿ ಅಂಟಿಸುತ್ತೆ. ವೇರಿಯಬಲ್ ಅಂದ್ರೆ ಡಬ್ಬಿ ಅಂತ ಹೇಳ್ಕೊಡ್ತಾರಲ್ಲ, ದಯವಿಟ್ಟು ಅದನ್ನ ಮರ್ತುಬಿಡಿ, ಅರ್ಧ ಗೊಂದಲ ಬರೋದೇ ಆ ಡಬ್ಬಿಯಿಂದ.

ಹಂತ 2: ಯಾವುದು ಬದಲಾಗುತ್ತೆ, ಯಾವುದು ಆಗಲ್ಲ

ಲಿಸ್ಟ್, ಡಿಕ್ಷನರಿ, ಸೆಟ್, ನೀವೇ ಬರೆದ ಕ್ಲಾಸಿನ ಆಬ್ಜೆಕ್ಟ್‌ಗಳು: ಇವು ಇದ್ದಲ್ಲೇ ಬದಲಾಗುತ್ವೆ. ಸಂಖ್ಯೆ, ಸ್ಟ್ರಿಂಗ್, ಟ್ಯುಪಲ್: ಆಗಲ್ಲ. ಟ್ಯುಪಲ್ ಒಳಗೆ ಲಿಸ್ಟ್ ಇಟ್ಟಿದ್ರೆ ಆ ಲಿಸ್ಟ್ ಮಾತ್ರ ಬದಲಾಗುತ್ತೆ, "ಟ್ಯುಪಲ್ ಅಲ್ವಾ, ಸೇಫ್" ಅಂತ ನಂಬ್ಕೊಂಡು ಕೂರಬೇಡಿ. ಮುಂದೆ ಹೋಗೋಣ.

ಹಂತ 3: ಹಂಚಿಕೊಂಡಿರೋ ಜಾಗ ಎಲ್ಲಿದೆ ಅಂತ ಹುಡುಕೋದು

ಎಲ್ರೂ ಮುಗ್ಗರಿಸೋದು ಇಲ್ಲೇ. ಲೆಕ್ಕ ತಪ್ಪಿದೆ ಅಂತ ಗೊತ್ತಾದ ತಕ್ಷಣ ಜನ ಎಂಟ್ರಿ ಹಾಕೋ ಸಾಲನ್ನ ನೋಡ್ತಾರೆ. ನಮ್ಮ ಹುಡುಗ ಕೂಡ ಲೆಕ್ಕ[3][0] = 100 (ಪೈಥಾನ್ ಸೊನ್ನೆಯಿಂದ ಎಣಿಸುತ್ತೆ, ಅಂದ್ರೆ ನಾಲ್ಕನೇ ಸದಸ್ಯೆ ಗಿರಿಜಮ್ಮ, ಮೊದಲನೇ ವಾರ) ಅನ್ನೋ ಸಾಲನ್ನ ಎರಡು ಗಂಟೆ ದಿಟ್ಟಿಸಿ ನೋಡಿದಾನೆ. ಅದು ಸರಿಯಾಗೇ ಇದೆ, ಅದರಲ್ಲಿ ಏನೂ ತಪ್ಪಿಲ್ಲ. ತಪ್ಪು ಇರೋದು ಆ ಲಿಸ್ಟ್ ಹುಟ್ಟಿದ ಜಾಗದಲ್ಲಿ. ಬದಲಾಯಿಸಿದ ಸಾಲು ಬಿಟ್ಟು, ಹುಟ್ಟಿಸಿದ ಸಾಲಿಗೆ ವಾಪಸ್ ಹೋಗಿ.

ಹುಟ್ಟಿಸಿದ ಸಾಲು ಏನು ಹೇಳುತ್ತೆ? 52 ಸೊನ್ನೆಯ ಒಂದು ಲಿಸ್ಟ್ ಮಾಡು, ಆಮೇಲೆ ಅದನ್ನೇ 15 ಸಲ ತೋರಿಸು. 15 ಲಿಸ್ಟ್ ಮಾಡು ಅಂತ ಯಾರೂ ಹೇಳಿಲ್ಲ. ಗಿರಿಜಮ್ಮನ ಸಾಲು, ಶಾರದಮ್ಮನ ಸಾಲು ಅಂತ ನಾವು ಅಂದ್ಕೊಂಡಿರೋದು ಎಲ್ಲಾ ಒಂದೇ ಸಾಲು, 15 ಹೆಸರಲ್ಲಿ.

ಆಗ ಹುಡುಗ ಒಂದು ಒಳ್ಳೆ ಪ್ರಶ್ನೆ ಕೇಳ್ದ. "ಹಾಗಾದ್ರೆ ಒಳಗಿನ [0] * 52 ಯಾಕೆ ಸರಿ ಮಾಮಾ? ಅಲ್ಲೂ ಒಂದೇ ಸೊನ್ನೇನ 52 ಸಲ ತೋರಿಸ್ತಿದೆ ತಾನೆ?" ಹೌದು, ತೋರಿಸ್ತಿದೆ. ಆದ್ರೆ ಸೊನ್ನೇನ ಯಾರೂ ಇದ್ದಲ್ಲೇ ತಿದ್ದೋಕಾಗಲ್ಲ. 100 ಅಂತ ಹಾಕಿದಾಗ ಆ ಮನೆ ಸೊನ್ನೆ ಬಿಟ್ಟು 100ರ ಕಡೆ ಬೆರಳು ತೋರ್ಸುತ್ತೆ, ಮಿಕ್ಕ 51 ಮನೆ ಹಳೇ ಸೊನ್ನೆ ಕಡೇನೇ ಇರುತ್ವೆ. ಹಂಚ್ಕೊಳ್ಳೋದು ತಪ್ಪಲ್ಲ, ಬದಲಾಗೋ ವಸ್ತುನ ಗೊತ್ತಿಲ್ಲದೆ ಹಂಚ್ಕೊಂಡ್ರೆ ಮಾತ್ರ ತೊಂದ್ರೆ. ಈ ಒಂದು ಪ್ಯಾರಾ ಇನ್ನೊಂದ್ಸಲ ಓದಿ, ಪರವಾಗಿಲ್ಲ.

ಅನುಮಾನ ಬಂದ್ರೆ ಪರೀಕ್ಷೆ ಮಾಡೋದು "ಈಸ್" ಆಪರೇಟರಲ್ಲಿ. ಲೆಕ್ಕ[0] ಈಸ್ ಲೆಕ್ಕ[1] ಅಂತ ಕೇಳಿ, "ಟ್ರೂ" ಅಂದ್ರೆ ಎರಡೂ ಒಂದೇ ಆಬ್ಜೆಕ್ಟ್, ಸಿಕ್ಕಿಬಿತ್ತು. ಎರಡು ಸಮ ಚಿಹ್ನೆ (==) ಹಾಕಿ ಕೇಳಬೇಡಿ, ಅದು ಒಳಗಿರೋ ಬೆಲೆ ಒಂದೇನಾ ಅಂತ ನೋಡುತ್ತೆ ಅಷ್ಟೇ, ಬೇರೆ ಬೇರೆ ಲಿಸ್ಟ್ ಇದ್ರೂ ಎಲ್ಲಾ ಸೊನ್ನೆ ಆದ್ರೆ ಹೌದು ಅಂತಾನೇ ಹೇಳುತ್ತೆ. ಇನ್ನೊಂದು, ಈ ಪರೀಕ್ಷೇನ ಸಂಖ್ಯೆ ಮೇಲೆ ಮಾಡಬೇಡಿ. ನಾವೆಲ್ಲ ಸಾಮಾನ್ಯವಾಗಿ ಬಳಸೋ ಪೈಥಾನು -5ರಿಂದ 256ರವರೆಗಿನ ಸಂಖ್ಯೆಗಳನ್ನ ಮೊದಲೇ ಮಾಡಿಟ್ಕೊಂಡು ಎಲ್ರಿಗೂ ಅದನ್ನೇ ಕೊಡುತ್ತೆ, ಹಾಗಾಗಿ 100 ಯಾವಾಗ್ಲೂ ಅದೇ 100. ಅದನ್ನ ನೋಡಿ ಗಾಬರಿಯಾಗಿ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿದೋರು ಇದ್ದಾರೆ.

ಕಣ್ಣಲ್ಲಿ ನೋಡಿದ್ರೇನೆ ನಂಬೋದು ಅನ್ನೋರಿಗೆ ಪೈಥಾನ್ ಟ್ಯೂಟರ್ ಅಂತ ಒಂದು ಉಚಿತ ವೆಬ್‌ಸೈಟಿದೆ, ಫಿಲಿಪ್ ಗುವೊ ಅನ್ನೋರು ಮಾಡಿದ್ದು. ಕೋಡ್ ಹಾಕಿ ಒಂದೊಂದೇ ಸಾಲು ಓಡಿಸಿದ್ರೆ ಬಾಣದ ಗುರುತು ಎಳೆದು ತೋರಿಸುತ್ತೆ. 15 ಬಾಣ ಬಂದು ಒಂದೇ ಲಿಸ್ಟಿಗೆ ಚುಚ್ಚಿದ್ದು ನೋಡಿದಾಗ ನಮ್ಮ ಹುಡುಗನ ಬಾಯಿಂದ "ಓಹೋ" ಬಂದಿದ್ದು, ಅಲ್ಲೀವರೆಗೂ ನಾನು ಹೇಳಿದ್ದು ಗೋಡೆಗೆ ಹೇಳಿದಂಗೆ.

ಗುಣಾಕಾರ ಒಂದೇ ಅಲ್ಲ, ಇದೇ ಕಳ್ಳ ಇನ್ನೂ ಮೂರು ಕಡೆ ಇರ್ತಾನೆ. ಡಿಕ್ಷನರಿಯ ಫ್ರಮ್‌ಕೀಸ್‌ಗೆ ಸದಸ್ಯರ ಹೆಸರೂ ಒಂದು ಖಾಲಿ ಲಿಸ್ಟೂ ಕೊಟ್ರೆ ಎಲ್ಲಾ ಹೆಸರಿಗೂ ಆ ಒಂದೇ ಲಿಸ್ಟ್ ಹೋಗುತ್ತೆ. ಕ್ಲಾಸಿನ ಮೈಯಲ್ಲಿ ನೇರವಾಗಿ ಕಂತು = [] ಅಂತ ಬರೆದ್ರೆ ಆ ಕ್ಲಾಸಿನ ಎಲ್ಲಾ ಆಬ್ಜೆಕ್ಟ್‌ಗಳಿಗೂ ಸೇರಿ ಅದೊಂದೇ; ಪ್ರತಿಯೊಬ್ರಿಗೂ ಬೇರೆ ಬೇಕು ಅಂದ್ರೆ ಇನಿಟ್ (ಆಬ್ಜೆಕ್ಟ್ ಹುಟ್ಟುವಾಗ ಓಡೋ ಫಂಕ್ಷನ್) ಒಳಗೆ ಸೆಲ್ಫ್.ಕಂತು = [] ಅಂತ ಬರೀಬೇಕು. (ಪೈಥಾನ್ 3.7ರಲ್ಲಿ ಬಂದ ಡೇಟಾಕ್ಲಾಸ್ ಈ ವಿಷಯದಲ್ಲಿ ಒಳ್ಳೇದು, ಹಾಗೆ ಲಿಸ್ಟ್ ಇಡೋಕೆ ಹೋದ್ರೆ ಎರರ್ ಕೊಟ್ಟು ಬೈಯುತ್ತೆ.)

ಮೂರನೇದು ಎಲ್ಲಕ್ಕಿಂತ ಕೆಟ್ಟದ್ದು, ಫಂಕ್ಷನ್ನಿನ ಡೀಫಾಲ್ಟ್ ಆರ್ಗ್ಯುಮೆಂಟು, ಅಂದ್ರೆ ಕರೆಯೋರು ಏನೂ ಕೊಡದಿದ್ದಾಗ ಬಳಸೋ ಬೆಲೆ. ಸೇರಿಸು(ಹೆಸರು, ಪಟ್ಟಿ=[]) ಅಂತ ಫಂಕ್ಷನ್ ಬರೀತೀರಿ, ಒಳಗೆ ಪಟ್ಟಿಗೆ ಹೆಸರನ್ನ ಅಪೆಂಡ್ ಮಾಡಿ ವಾಪಸ್ ಕೊಡ್ತೀರಿ. ಮೊದಲ್ನೇ ಸಲ ಗಿರಿಜಮ್ಮ ಅಂತ ಕರೆದ್ರೆ ಗಿರಿಜಮ್ಮ ಒಬ್ರೇ ಬರ್ತಾರೆ, ಎರಡನೇ ಸಲ ಹೊಸ ಪಟ್ಟಿ ಅಂದ್ಕೊಂಡು ಶಾರದಮ್ಮ ಅಂತ ಕರೆದ್ರೆ ಗಿರಿಜಮ್ಮನೂ ಜೊತೇಲಿ ಬಂದು ಕೂತಿರ್ತಾರೆ. ಯಾಕಂದ್ರೆ ಆ ಖಾಲಿ ಲಿಸ್ಟ್ ಹುಟ್ಟೋದು ಫಂಕ್ಷನ್ ಬರೆದ ಸಾಲು ಓಡಿದಾಗ, ಒಂದೇ ಸಲ. ಪ್ರತಿ ಸಲ ಕರೆದಾಗ ಅಲ್ಲ. ಮದ್ದು: ಡೀಫಾಲ್ಟ್ ಆಗಿ ನನ್ (None, ಪೈಥಾನಲ್ಲಿ "ಏನೂ ಇಲ್ಲ" ಅನ್ನೋ ಬೆಲೆ) ಅಂತ ಇಟ್ಟು, ಒಳಗೆ ಬಂದ ಮೇಲೆ ಅದು ನನ್ ಇದ್ರೆ ಆಗ ಹೊಸ ಲಿಸ್ಟ್ ಮಾಡ್ಕೊಳ್ಳಿ. ವೆಬ್ ಸರ್ವರಲ್ಲಿ ಈ ತಪ್ಪು ಮಾಡಿದ್ರೆ ಒಬ್ರ ಡೇಟಾ ಇನ್ನೊಬ್ರಿಗೆ ಕಾಣುತ್ತೆ, ರೀಸ್ಟಾರ್ಟ್ ಮಾಡಿದ್ರೆ ಮಾಯ ಆಗುತ್ತೆ, ಸಾಯಂಕಾಲ ಮತ್ತೆ ಬರುತ್ತೆ. ನಾನು ಹಿಂದೆ ಇದ್ದ ಒಂದು ಕಂಪನೀಲಿ ದಿನಾ ಬೆಳಗ್ಗೆ ಸರ್ವರ್ ರೀಸ್ಟಾರ್ಟ್ ಮಾಡೋದೇ ಒಬ್ಬ ಹುಡುಗನ ಡ್ಯೂಟಿ ಆಗಿತ್ತು, ಯಾಕೆ ಅಂತ ಯಾರೂ ಕೇಳಿರ್ಲಿಲ್ಲ.

ಕೋಡಲ್ಲಿ ತಪ್ಪು ಹುಡುಕೋ ಪೈಲಿಂಟ್ ಅಥವಾ ರಫ್ ಅನ್ನೋ ಸಾಧನ ಹಾಕ್ಕೊಂಡ್ರೆ ಈ ಡೀಫಾಲ್ಟ್ ಲಿಸ್ಟನ್ನ ಹಿಡಿದು ಹೇಳ್ತವೆ (ರಫ್‌ನಲ್ಲಿ ಬಿ006 ಅನ್ನೋ ರೂಲ್ ಆನ್ ಮಾಡ್ಕೋಬೇಕು). ಹಾಕ್ಕೊಳ್ಳಿ, ಇದರಲ್ಲಿ ಚರ್ಚೆ ಬೇಡ.

ಹಂತ 4: ಹೊಸದಾಗಿ ಕಟ್ಟೋದು

ಲೆಕ್ಕ = [[0] * 52 ಫಾರ್ ಸದಸ್ಯ ಇನ್ ರೇಂಜ್(15)]

ಆಯ್ತು. [0] * 52 ಅನ್ನೋದು 15 ಸಲ ಓಡುತ್ತೆ, 15 ಬೇರೆ ಬೇರೆ ಲಿಸ್ಟ್ ಹುಟ್ಟುತ್ವೆ.

ಹಂತ 5: ಇರೋದನ್ನ ಕಾಪಿ ಮಾಡೋದು, ಅಂದ್ರೆ ಎರಡನೇ ಗುಂಡಿ

ಹುಡುಗ ಖುಷಿಯಾಗಿ ಹೋದ. ಹದಿನೈದು ದಿನ ಬಿಟ್ಟು ಮತ್ತೆ ಫೋನು. ಕಂತು ತಪ್ಪಿಸಿದೋರಿಗೆ ದಂಡ ಹಾಕಿದ್ರೆ ಎಷ್ಟಾಗುತ್ತೆ ಅಂತ ಸುಮ್ನೆ ಲೆಕ್ಕ ಹಾಕಿ ನೋಡೋಕೆ ಒಂದು ಕಾಪಿ ಮಾಡ್ಕೊಂಡಿದಾನೆ, ನಕಲು = ಲೆಕ್ಕ[:] ಅಂತ. ಕಾಪಿ ಆಗಿದೆಯಾ ಅಂತ ಚೆಕ್ ಕೂಡ ಮಾಡಿದಾನೆ ಪಾಪ: ನಕಲಿಗೆ 16ನೇ ಸಾಲು ಸೇರಿಸಿದ, ಲೆಕ್ಕದಲ್ಲಿ 15 ಸಾಲೇ ಇತ್ತು. ಸರಿ, ಕಾಪಿ ಬೇರೆ ಆಗಿದೆ ಅಂತ ಧೈರ್ಯವಾಗಿ ನಕಲು[3][0] = 0 ಅಂದ. ಅಸಲಿ ಲೆಕ್ಕದಲ್ಲೂ ಗಿರಿಜಮ್ಮನ 100 ಹೋಯ್ತು.

ಅಕ್ಕನ ರಿಜಿಸ್ಟರ್ ಪುಸ್ತಕದ ಮೊದಲ ಪುಟದಲ್ಲಿ "ಗಿರಿಜಮ್ಮ: ಪುಟ 14, ಶಾರದಮ್ಮ: ಪುಟ 18" ಅಂತ ಪರಿವಿಡಿ ಇದೆ. ಆ ಒಂದು ಪುಟಾನ ಜೆರಾಕ್ಸ್ ಮಾಡಿಸ್ಕೊಂಡು ಬಂದ್ರಿ ಅಂತಿಟ್ಕೊಳ್ಳಿ. ಜೆರಾಕ್ಸ್ ಮೇಲೆ ಹೊಸ ಹೆಸರು ಬರೆದ್ರೆ ಅಸಲಿಗೆ ಏನೂ ಆಗಲ್ಲ. ಆದ್ರೆ ಜೆರಾಕ್ಸ್ ನೋಡ್ಕೊಂಡು 14ನೇ ಪುಟ ತೆಗೆದು ಅಲ್ಲಿ ಅಳಿಸಿದ್ರೆ? ಪುಟ 14 ಇರೋದು ಒಂದೇ. ಹುಡುಗ ಟೆಸ್ಟ್ ಮಾಡಿದ್ದು ಪರಿವಿಡೀನ, ತಿದ್ದಿದ್ದು ಪುಟಾನ. ಲೆಕ್ಕ[:], ಲೆಕ್ಕ.ಕಾಪಿ(), ಲಿಸ್ಟ್(ಲೆಕ್ಕ), ಕಾಪಿ ಮಾಡ್ಯೂಲಿನ ಕಾಪಿ, ಈ ನಾಲ್ಕೂ ಮಾಡೋದು ಪರಿವಿಡಿ ಜೆರಾಕ್ಸ್ ಮಾತ್ರ.

ಇದಕ್ಕೆ ನನ್ನ ಮದ್ದು ಇದು, ಬೇರೆ ಏನೂ ಬಳಸಲ್ಲ:

ನಕಲು = [ಸಾಲು[:] ಫಾರ್ ಸಾಲು ಇನ್ ಲೆಕ್ಕ]

ಡೀಪ್‌ಕಾಪಿ ಅಂತ ಒಂದಿದೆಯಲ್ಲ ಅಂತೀರಿ. ಇದೆ, ಎಷ್ಟೇ ಆಳ ಇದ್ರೂ ಇಳಿದು ಎಲ್ಲಾನೂ ಹೊಸದು ಮಾಡ್ಕೊಂಡು ಬರುತ್ತೆ. ಆದ್ರೆ ಅದು ನಿಧಾನ, ಹಂಚ್ಕೊಂಡೇ ಇರ್ಬೇಕಾದ್ದನ್ನೂ ಡಬಲ್ ಮಾಡುತ್ತೆ, ಒಳಗೆಲ್ಲೋ ಒಂದು ತೆರೆದ ಫೈಲ್ ಇದ್ರೆ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತೆ. ನನ್ನ ಕೇಳಿದ್ರೆ, ಕೋಡಲ್ಲಿ ಮೂರು ಕಡೆ ಡೀಪ್‌ಕಾಪಿ ಕಂಡ್ರೆ ಬರೆದವರಿಗೆ ಯಾವುದು ಯಾರ ಜೊತೆ ಹಂಚಿಕೆ ಆಗಿದೆ ಅಂತ ಗೊತ್ತಿಲ್ಲ, ಭಯಕ್ಕೆ ಹಾಕಿದಾರೆ ಅಂತ ಅರ್ಥ.

ಜಾವಾಸ್ಕ್ರಿಪ್ಟ್‌ನೋರು ನಗಬೇಡಿ, ನಿಮ್ಮ ಮೂರು ಚುಕ್ಕಿಯ ಸ್ಪ್ರೆಡ್ ಕೂಡ ಇದೇ ಪರಿವಿಡಿ ಜೆರಾಕ್ಸು. ಕಾನ್ಸ್ಟ್ ಅಂತ ಹಾಕಿದ್ರೂ ಅರೇ ಒಳಗಿರೋದು ಬದಲಾಗುತ್ತೆ. ಜೇಸನ್ (ಡೇಟಾನ ಬರೀ ಅಕ್ಷರಗಳಾಗಿ ಬರೆದಿಡೋ ರೀತಿ) ಸ್ಟ್ರಿಂಗ್ ಮಾಡಿ ವಾಪಸ್ ಪಾರ್ಸ್ ಮಾಡೋ ಶಾರ್ಟ್‌ಕಟ್ ಅಂತೂ ತಾರೀಖನ್ನ ಬರೀ ಸ್ಟ್ರಿಂಗ್ ಮಾಡಿ ಕೊಡುತ್ತೆ, ಅನ್‌ಡಿಫೈನ್ಡ್ ಇದ್ದ ಫೀಲ್ಡನ್ನ ಸದ್ದಿಲ್ಲದೆ ನುಂಗುತ್ತೆ. ಈಗ ಸ್ಟ್ರಕ್ಚರ್ಡ್‌ಕ್ಲೋನ್ ಇದೆ, ಅದನ್ನ ಬಳಸಿ.

ಹಂತ 6: ಫಂಕ್ಷನ್ನಿಗೆ ಕೊಟ್ಟಿದ್ದು ಕಾಪಿ ಅಲ್ಲ

ಲಿಸ್ಟನ್ನ ಫಂಕ್ಷನ್ನಿಗೆ ಕೊಟ್ರೆ ಹೋಗೋದು ಅದೇ ಲಿಸ್ಟು. ಒಳಗೆ ಸಾರ್ಟ್ ಅಂದ್ರೆ ಹೊರಗಿನ ಕ್ರಮಾನೂ ಹಾಳಾಗುತ್ತೆ, ಸಾರ್ಟೆಡ್ ಅಂದ್ರೆ ಹೊಸ ಲಿಸ್ಟ್ ಬರುತ್ತೆ. ಹಾಗೇ ಪಟ್ಟಿ += [5] ಅಂದ್ರೆ ಇದ್ದ ಲಿಸ್ಟೇ ಬೆಳೆಯುತ್ತೆ, ಪಟ್ಟಿ = ಪಟ್ಟಿ + [5] ಅಂದ್ರೆ ಹೊಸ ಲಿಸ್ಟ್ ಹುಟ್ಟಿ ಆ ಹೆಸರು ಅದಕ್ಕೆ ಹೋಗುತ್ತೆ. ನೋಡೋಕೆ ಎರಡೂ ಒಂದೇ ಥರ, ಇಂಟರ್‌ವ್ಯೂನಲ್ಲಿ ಕೇಳ್ತಾರೆ, ನೆನಪಿಟ್ಕೊಳ್ಳಿ. ನನ್ನ ಮನೆ ರೂಲು: ಬೇರೆಯವರು ಕೊಟ್ಟ ಲಿಸ್ಟನ್ನ ತಿದ್ದೋ ಫಂಕ್ಷನ್ ಏನನ್ನೂ ರಿಟರ್ನ್ ಮಾಡಬಾರದು, ರಿಟರ್ನ್ ಮಾಡೋ ಫಂಕ್ಷನ್ ತಿದ್ದಬಾರದು.

ಹಂತ 7: ಕೆಟ್ಟು ಕೂತಿರೋ ಡೇಟಾ

ಇದನ್ನ ಯಾರೂ ಹೇಳಲ್ಲ. ಹುಡುಗ ನಂಗೆ ಮೊದಲನೇ ಸಲ ಫೋನ್ ಮಾಡೋಕೆ ಮುಂಚೆ ಒಂದು ದಿನ "ಬಗ್ ತಾನಾಗೇ ಹೋಯ್ತು" ಅಂತ ಸುಮ್ನಿದ್ದನಂತೆ. ಆಗಿದ್ದೇನಂದ್ರೆ ಪ್ರೋಗ್ರಾಂ ಮುಚ್ಚುವಾಗ ಲೆಕ್ಕಾನ ಜೇಸನ್ ಫೈಲಿಗೆ ಸೇವ್ ಮಾಡಿದಾನೆ. ಜೇಸನ್‌ಗೆ ಹಂಚಿಕೆ ಗಿಂಚಿಕೆ ಗೊತ್ತಿಲ್ಲ, 15 ಸಾಲು ಬರ್ಕೊಂಡಿದೆ, ಮತ್ತೆ ತೆರೆದಾಗ 15 ಬೇರೆ ಬೇರೆ ಲಿಸ್ಟ್ ಮಾಡಿ ಕೊಟ್ಟಿದೆ. ಆಮೇಲೆ ಹಾಕಿದ ಎಂಟ್ರಿ ಸರಿಯಾಗೇ ಕೂತಿದೆ, ಹೊಸ ಫೈಲ್ ಶುರು ಮಾಡಿದಾಗ ಮತ್ತೆ ಹಳೇ ಕಥೆ. (ಪೈಥಾನಿನ ಸ್ವಂತ ಸೇವ್ ವಿಧಾನ ಪಿಕಲ್‌ನಲ್ಲಿ ಒಟ್ಟಿಗೆ ಸೇವ್ ಮಾಡಿದ್ರೆ ಹಂಚಿಕೆ ಹಾಗೇ ಉಳಿಯುತ್ತೆ, ಆಗ ಬಗ್ ಕೂಡ ಫೈಲಿನ ಜೊತೇನೇ ಬರುತ್ತೆ.)

ಹಾಗಾಗಿ ಕೋಡ್ ಸರಿ ಮಾಡಿದ್ಮೇಲೆ ಹಳೇ ಫೈಲನ್ನ ನಂಬಬೇಡಿ, ಅದರಲ್ಲಿ ಕಟ್ಟದೋರ ಹೆಸರಲ್ಲೂ ಕಂತು ಕೂತಿರುತ್ತೆ, ಯಾವುದು ನಿಜ ಯಾವುದು ನೆರಳು ಅಂತ ಫೈಲ್ ನೋಡಿ ಹೇಳೋಕಾಗಲ್ಲ. ಫೈಲ್ ಅಳಿಸಿ, ಮೂಲ ದಾಖಲೆಯಿಂದ ಮತ್ತೆ ಎಂಟ್ರಿ ಹಾಕಿ. ನಮ್ಮ ಪುಣ್ಯ, ಅಕ್ಕ ಮಗನ ಮಾತು ಕೇಳಿ ಪುಸ್ತಕಾನ ಅಟ್ಟಕ್ಕೆ ಹಾಕಿರ್ಲಿಲ್ಲ.