ಕುಚ್ಚಲಕ್ಕಿ ಚೀಲದಲ್ಲಿ ಬಂದ ಫಿಶ್ ಫೈಂಡರ್

ನೀರಿನಡಿ ಮೀನು ಎಲ್ಲಿದೆ ಅಂತ ತೋರಿಸುವ ಆ ಫಿಶ್ ಫೈಂಡರ್ ನನ್ನ ರಿಪೇರಿ ಅಂಗಡಿಗೆ ಬಂದದ್ದು ಅಕ್ಕಿ ಚೀಲದಲ್ಲಿ. ಅದೂ ಕುಚ್ಚಲಕ್ಕಿ. ಮೀನಿನ ಬೋಟು ನಡೆಸುವ ತಾಂಡೇಲರು ಮಲ್ಪೆ ಬಂದರಿನ ದಕ್ಕೆಯಿಂದ ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ತಂದಿದ್ದರು. ಕ್ಯಾಬಿನ್ ಕಿಟಕಿಯಿಂದ ಅಲೆ ಹೊಡೆದು ಸೆಟ್ ಪೂರ್ತಿ ಒದ್ದೆಯಾಗಿತ್ತಂತೆ.

"ನಾಲ್ಕು ದಿನ ಅಕ್ಕಿಯಲ್ಲೇ ಇತ್ತು ಮಾರಾಯ್ರೆ, ಆದ್ರೂ ಆನ್ ಆಗ್ಲಿಲ್ಲ."

"ನೀರು ಬಿದ್ದ ಮೇಲೆ ಆನ್ ಮಾಡಿ ನೋಡಿದ್ರಾ?"

"ಮತ್ತೆ? ನೋಡದೆ ಇರ್ತೇವಾ? ಮೂರ್ನಾಲ್ಕು ಸಲ ನೋಡಿದೆವು."

ಕೆಟ್ಟದ್ದು ಅಲ್ಲೇ. ಬರೀ ನೀರು ಬಿದ್ದರೆ ಸೆಟ್ ಅಷ್ಟು ಸುಲಭದಲ್ಲಿ ಸಾಯುವುದಿಲ್ಲ. ಉಪ್ಪುನೀರಿನ ಜೊತೆ ಕರೆಂಟ್ ಸೇರಿದರೆ ಸಾಯುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಆ ನೀರು ಬೋರ್ಡಿನ ಮೇಲಿರುವಾಗ 12 ವೋಲ್ಟ್ ಹರಿಸಿದರೆ ಪ್ಲಸ್ ಕಡೆಯ ತಾಮ್ರವನ್ನು ಅದು ತಿಂದೇ ಬಿಡುತ್ತದೆ. ಅಕ್ಕಿ ಹೆಚ್ಚೆಂದರೆ ಒಂದಿಷ್ಟು ತೇವ ಎಳೆದೀತು. ಉಪ್ಪು ಒಳಗೇ ಕೂತಿರುತ್ತದೆ. ಮಳೆಗಾಲದ ಗಾಳಿ ತಾಗಿದರೆ ಅದೇ ಉಪ್ಪು ಮತ್ತೆ ನೀರು ಎಳೆದುಕೊಂಡು ಕೆಲಸ ಶುರು ಮಾಡುತ್ತದೆ.

ಸ್ಕ್ರೂ ಬಿಚ್ಚಿದೆ. ಒಂದು ತುಕ್ಕು ಹಿಡಿದು ತಲೆ ತಿರುಗಿತ್ತು, ಕೊರೆದು ತೆಗೆಯಬೇಕಾಯಿತು. ಒಳಗೆ ಪವರ್ ಕನೆಕ್ಟರಿನ ಬುಡದಲ್ಲಿ ಪಾಚಿ ಬಣ್ಣದ ಹಸಿರು. ಅದರ ಸುತ್ತ ಬಿಳಿ ಉಪ್ಪಿನ ಗೆರೆ, ಕಡಲು ಇಳಿದ ಮೇಲೆ ಬಂಡೆ ಮೇಲೆ ಉಳಿಯುತ್ತದಲ್ಲ, ಹಾಗೇ. ಕನೆಕ್ಟರಿನ ತೂತಿನೊಳಗೆ ಕೆಂಪು ತವುಡು ಅಂಟಿಕೊಂಡಿತ್ತು. ಅದು ಅಕ್ಕಿಯ ಉಪಕಾರ.

ಸ್ಕ್ರೀನ್, ಬಜರ್, ಬೋರ್ಡಿನ ಮೇಲಿದ್ದ ಗುಂಡಿಯಂಥ ಸಣ್ಣ ಬ್ಯಾಟರಿ, ಮೂರನ್ನೂ ಬಿಡಿಸಿಟ್ಟೆ. ಬೋರ್ಡನ್ನು ಸೀದಾ ನಳ್ಳಿಯ ಕೆಳಗೆ ಹಿಡಿದೆ. ತಾಂಡೇಲರು ಎದ್ದೇ ನಿಂತರು. "ಅಯ್ಯೋ, ಮತ್ತೆ ನೀರಾ!" ಹೌದು, ಮತ್ತೆ ನೀರು. ಉಪ್ಪನ್ನು ಕರಗಿಸಿ ತೆಗೆಯುವುದು ಸಿಹಿನೀರೇ. ಸ್ಪಿರಿಟ್‌ನಲ್ಲಿ ಉಪ್ಪು ಸರಿಯಾಗಿ ಕರಗುವುದಿಲ್ಲ. ನಳ್ಳಿ ನೀರಾದ ಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಸಲ ಅದ್ದಿದೆ, ಮೆತ್ತಗಿನ ಟೂತ್‌ಬ್ರಶ್‌ನಿಂದ ಉಜ್ಜಿದೆ. ಕೊನೆಗೆ 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್. ಅದರ ಕೆಲಸ ಉಳಿದ ನೀರನ್ನು ಓಡಿಸುವುದು. ಸ್ಯಾನಿಟೈಸರ್ ಹಾಕಬೇಡಿ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ತಿನ್ನರ್ ಅಂತೂ ಬೇಡವೇ ಬೇಡ, ಪ್ಲಾಸ್ಟಿಕ್ ಕರಗಿಸುತ್ತದೆ.

ಒಣಗಿಸಲು ನನ್ನದು ಹಳೆ ಮರದ ಪೆಟ್ಟಿಗೆ, ಒಳಗೊಂದು 60 ವ್ಯಾಟಿನ ಹಳದಿ ಬಲ್ಬು. ಒಳಗೆ ಕೈ ಇಟ್ಟರೆ ಬೆಚ್ಚಗಿರಬೇಕು, ಸುಡಬಾರದು. ಎರಡು ದಿನ ಇಟ್ಟೆ. ತಾಂಡೇಲರಿಂದ ಅಷ್ಟರಲ್ಲಿ ಐದು ಫೋನು. ಅವರಿಗೂ ಮಂಡೆ ಬಿಸಿ, ಬೋಟು ಸುಮ್ನೆ ನಿಂತಿತ್ತಲ್ಲ.

ಒಣಗಿದ ತಕ್ಷಣ ಬ್ಯಾಟರಿಗೆ ಕೊಡುವುದಿಲ್ಲ ನಾನು. ಪ್ಲಸ್ ವೈರಿನ ಮಧ್ಯೆ ಕಾರಿನ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಸೇರಿಸಿ ಕೊಡುತ್ತೇನೆ. ಬೋರ್ಡಿನಲ್ಲಿ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಬೋರ್ಡ್ ಬಚಾವ್. ಅವತ್ತು ಜೋರಾಗಿಯೇ ಉರಿಯಿತು. ಬೆರಳು ಆಡಿಸಿ ನೋಡಿದೆ, ಪವರ್ ಬರುವ ಕಡೆ ಅಕ್ಕಿಕಾಳಿನಷ್ಟು ದೊಡ್ಡ ಕೆಪಾಸಿಟರ್ ಬಿಸಿಯಾಗುತ್ತಿತ್ತು. ಅದನ್ನು ಬದಲಿಸಿದೆ. ಪಕ್ಕದಲ್ಲಿ ಉಪ್ಪು ತಿಂದು ಹಾಕಿದ್ದ ಒಂದು ಟ್ರ್ಯಾಕಿಗೆ, ಅಂದರೆ ಬೋರ್ಡಿನ ಮೇಲಿನ ತಾಮ್ರದ ಗೆರೆಗೆ, ಕೂದಲಿನಂಥ ವೈರ್ ಬೆಸುಗೆ ಹಾಕಿದೆ. ಈ ಸಲ ಬಲ್ಬ್ ಒಮ್ಮೆ ಮಿನುಗಿ ಮಂಕಾಯಿತು, ಸ್ಕ್ರೀನ್ ಬೆಳಗಿತು. ಮೂಲೆಯಲ್ಲಿ ಒಂದು ಕಪ್ಪು ಕಲೆ ಉಳಿಯಿತು, ಅದು ಹೋಗುವುದಲ್ಲ. ನೀರಿನೊಳಗೆ ಶಬ್ದ ಕಳಿಸಿ ಅದರ ಪ್ರತಿಧ್ವನಿ ಹಿಡಿಯುವ ಟ್ರಾನ್ಸ್‌ಡ್ಯೂಸರ್ ಜೋಡಿಸಿ ಕಿವಿ ಹತ್ತಿರ ಹಿಡಿದೆ. ಟಿಕ್ ಟಿಕ್ ಟಿಕ್. ತಾಂಡೇಲರಿಗೂ ಕೇಳಿಸಿದೆ, ಮುಖ ಅರಳಿತು.

ಇನ್ನು ನೀರು ಒಳಗೆ ಹೋಗದ ಹಾಗೆ ಮಾಡುವ ವಿಷಯ. ಇದರಲ್ಲಿ ಮೊದಮೊದಲು ನಾನು ಮಾಡಿದ ತಪ್ಪು ಹೇಳಬೇಕು. ಬಾತ್‌ರೂಮಿಗೆ ಹಾಕುವ ಸಿಲಿಕೋನನ್ನು ಕನೆಕ್ಟರಿಗೂ ಡಬ್ಬಿಯ ಸುತ್ತಲೂ ಮೆತ್ತಿ ಕೊಟ್ಟಿದ್ದೆ. ಎರಡು ತಿಂಗಳಲ್ಲಿ ವಾಪಸ್ ಬಂತು. ನೀರು ಹೋಗಿರಲಿಲ್ಲ, ಆದರೂ ತಾಮ್ರ ಹಸಿರಾಗಿತ್ತು. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಸಿಡ್ ಬಿಡುತ್ತದೆ, ತಾಮ್ರವನ್ನು ತಿಂದದ್ದು ಅದೇ. ಈಗ ನ್ಯೂಟ್ರಲ್ ಅಂತ ಬರೆದಿರುವುದನ್ನೇ ತರುತ್ತೇನೆ.

ಇನ್ನೊಂದು ಸೆಟ್ಟಿನಲ್ಲಿ ಹಿಂದೆ ಇದ್ದ ಸಣ್ಣ ಗಾಳಿ ತೂತನ್ನೂ ಮುಚ್ಚಿಬಿಟ್ಟಿದ್ದೆ. ಬುದ್ಧಿವಂತಿಕೆ! ಬಿಸಿಲಿಗೆ ಕಾದ ಸೆಟ್ಟಿನ ಮೇಲೆ ತಣ್ಣಗಿನ ಅಲೆ ಬಿದ್ದರೆ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಗೆ ಬೇರೆ ದಾರಿ ಇಲ್ಲದಿದ್ದರೆ ಎಲ್ಲಿ ಸಂದು ಇದೆಯೋ ಅಲ್ಲಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಆ ತೂತಿನಲ್ಲಿ ಗಾಳಿ ಬಿಟ್ಟು ನೀರು ತಡೆಯುವ ಪೊರೆ ಇರುತ್ತದೆ, ಅದನ್ನು ಮುಟ್ಟಬಾರದು.

ಈಗ ಬೋರ್ಡಿಗೆ ಅಕ್ರಿಲಿಕ್ ಕೋಟಿಂಗ್ ಎರಡು ಸಲ ತೆಳ್ಳಗೆ ಹೊಡೆಯುತ್ತೇನೆ. ಕನೆಕ್ಟರುಗಳಿಗೆ ಮೊದಲು ಟೇಪ್, ಇಲ್ಲದಿದ್ದರೆ ಪಿನ್ ಒಳಗೂ ಕೋಟಿಂಗ್ ಹೋಗಿ ಕೂರುತ್ತದೆ. ಮುಚ್ಚಳದ ರಬ್ಬರ್ ರಿಂಗಿಗೂ ಹೊರಗಿನ ಪಿನ್‌ಗಳಿಗೂ ಸಿಲಿಕೋನ್ ಗ್ರೀಸ್. ವೈರ್ ಸೆಟ್ಟಿಗೆ ಸೇರುವ ಮೊದಲು ಒಂದು ಬಾಗು ಕೆಳಗೆ ಇಳಿದಿರಬೇಕು, ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಕಾಸು ಖರ್ಚಿಲ್ಲದ ಕೆಲಸ, ಆದರೂ ಹತ್ತರಲ್ಲಿ ಎಂಟು ಬೋಟಿನಲ್ಲಿ ವೈರ್ ಮೇಲಿಂದ ಸೀದಾ ಸಾಕೆಟ್ಟಿಗೆ ಇಳಿದಿರುತ್ತದೆ. ಡಬ್ಬಿ ಮೇಲೆ ಐಪಿಎಕ್ಸ್7 ಅಂತ ನೀರು ತಡೆಯುವ ಗುರುತು ಇದೆಯಲ್ಲ ಅನ್ನುತ್ತಾರೆ. ಅದು ಸಿಹಿನೀರಿನಲ್ಲಿ, ಒಂದು ಮೀಟರ್ ಆಳದಲ್ಲಿ, ಅರ್ಧ ಗಂಟೆಯ ಪರೀಕ್ಷೆ. ಅದೂ ಹೊಸ ಸೆಟ್ಟಿಗೆ. ಒಮ್ಮೆ ನಾನು ಬಿಚ್ಚಿದ ಮೇಲೆ ಆ ಗ್ಯಾರಂಟಿ ಇಲ್ಲ, ಅದನ್ನು ಹೇಳಿಯೇ ಕೊಡುತ್ತೇನೆ. ವೈರ್‌ಲೆಸ್ ಸೆಟ್ ಆದರೆ ಇನ್ನೂ ಜಾಸ್ತಿ ಹೇಳುತ್ತೇನೆ. ಆಪತ್ತಿನಲ್ಲಿ 16ನೇ ಚಾನೆಲ್‌ನಲ್ಲಿ ಕೂಗಬೇಕಾದ ಸೆಟ್ ಅದು, ರಿಪೇರಿಯದ್ದೊಂದನ್ನೇ ನಂಬಿ ಹೊರಡಬೇಡಿ ಅಂತ.

ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧವಿದ್ದು ಬೋಟು ದಡದ ಮೇಲಿರುವಾಗ, ಸೆಟ್ಟುಗಳು ಕ್ಯಾಬಿನ್ನಿನಲ್ಲಿ ಬೇಡ. ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟು ಮನೆಗೆ ಒಯ್ಯಿರಿ.

ಕಳೆದ ಸೀಸನ್ನಿನಲ್ಲಿ ಅದೇ ತಾಂಡೇಲರ ಫೋನು ಬಂತು. ಈ ಸಲ ಜಿಪಿಎಸ್. "ವೈರ್ ಕಿತ್ತಿದ್ದೇನೆ, ಆನ್ ಮಾಡ್ಲಿಲ್ಲ" ಅಂದರು. ಸಂಜೆ ದಕ್ಕೆಗೆ ಬಂದವರ ಕೈಯಲ್ಲಿ ಬಕೆಟ್, ಅದರ ತುಂಬ ಕುಡಿಯುವ ನೀರು, ಅದರಲ್ಲಿ ಮುಳುಗಿದ ಸೆಟ್. ಸ್ಕ್ರೀನ್ ಹೋಯಿತು. ಬೋರ್ಡ್ ಉಳಿಯಿತು.